ಅಪ್ಪ ತೋರಿಸಿದ ಮಿಂಚುಳ್ಳಿ

ಎಂಜಿನಿಯರಿಂಗ್ ಸೀಟು ಬಿಟ್ಟು ಬಿ.ಎಸ್ಸಿ. ಸೇರಿದ ದಿನದಿಂದ ಅಪ್ಪ ನನ್ನ ಜತೆ ಮಾತು ಕಡಿಮೆ ಮಾಡಿದ್ದರು. ‘ಊಟ ಆಯ್ತಾ?’, ‘ಬಸ್ಸಿಗೆ ದುಡ್ಡದಾ?’ ಇಷ್ಟೇ. ನಾನೂ ಬಿಗುಮಾನ ಬಿಟ್ಟಿರಲಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಬೆಂಗಳೂರಿನಿಂದ ಬಂದಿದ್ದ ಅತ್ತೆಯ ಮಕ್ಕಳು ಹಟ ಹಿಡಿದಿದ್ದರಿಂದ ಎಲ್ಲರೂ ರಂಗನತಿಟ್ಟಿಗೆ ಹೊರಟೆವು. ಮಂಡ್ಯ ಕಡೆಯವರಾದ ನಮಗೆ ಅದು ಹಿತ್ತಲ ಗಿಡ. ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದು ಬಿಟ್ಟರೆ ನಾನು ಮತ್ತೆ ಹೋಗಿರಲಿಲ್ಲ.

ದೋಣಿಯಲ್ಲಿ ಅಪ್ಪನ ಪಕ್ಕದಲ್ಲೇ ಜಾಗ ಸಿಕ್ಕಿತು. ಲೈಫ್ ಜಾಕೆಟ್ ತೊಟ್ಟು ಇಬ್ಬರೂ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತೆವು. ಹುಟ್ಟು ಹಾಕುತ್ತಿದ್ದವರು ವಿವರಿಸುತ್ತಾ ಹೋದರು. ಕಾವೇರಿಗೆ 17ನೇ ಶತಮಾನದಲ್ಲಿ ಒಡ್ಡು ಕಟ್ಟಿದಾಗ ಮೂಡಿದ ನಡುಗಡ್ಡೆಗಳಂತೆ ಇವು. ಸಲೀಂ ಅಲಿ ಅವರು ಮೈಸೂರು ಒಡೆಯರ ಮನವೊಲಿಸಿದ್ದರಿಂದ 1940ರಲ್ಲಿ ಪಕ್ಷಿಧಾಮವಾಯಿತಂತೆ. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ. ಮಕ್ಕಳು ಕಿರುಚಿದ್ದೇ ಕಿರುಚಿದ್ದು.

ಆಗ ಅಪ್ಪ ನನ್ನ ಮೊಣಕೈ ಹಿಡಿದರು. ‘ಅಲ್ನೋಡು ಮಗಾ, ಮಿಂಚುಳ್ಳಿ!’

ನೀರಿಗೆ ಬಾಗಿದ್ದ ಕೊಂಬೆಯ ತುದಿಯಲ್ಲಿ ಅದು ಕೂತಿತ್ತು. ಗುಬ್ಬಚ್ಚಿಗಿಂತ ತುಸು ದೊಡ್ಡದು. ಹೊಳೆಯುವ ನೀಲಿ ಬೆನ್ನು, ಕಿತ್ತಳೆ ಹೊಟ್ಟೆ, ಉದ್ದನೆಯ ಕೊಕ್ಕು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ನೀರಿಗೆ ಧುಮುಕಿ, ಮೀನು ಕಚ್ಚಿಕೊಂಡು ಮೇಲೆದ್ದಿತ್ತು. ಫೋಟೊದಲ್ಲಿ ಉಳಿದದ್ದು ಒಂದು ನೀಲಿ ಗೆರೆ.

ಅಪ್ಪನ ಮಾತು ನಿಲ್ಲಲಿಲ್ಲ. ಹುಡುಗರಾಗಿದ್ದಾಗ ನಾಲೆ ಏರಿಯ ಮಣ್ಣಿನಲ್ಲಿ ಇದರ ಬಿಲ ಹುಡುಕುತ್ತಿದ್ದರಂತೆ. ‘ಮೊಳಕೈವರೆಗೂ ಕೈ ಹಾಕಿದ್ರೂ ಗೂಡು ಸಿಕ್ತಿರಲಿಲ್ಲ. ಬರೀ ಮೀನಿನ ಮುಳ್ಳು, ವಾಸನೆ. ಹಾವಿದ್ದೀತು ಅಂತ ನಿಮ್ಮಜ್ಜಿ ಬಾರುಕೋಲಲ್ಲಿ ಬಾರಿಸಿದ್ಲು’ ಎಂದು ನಕ್ಕರು. ಗದ್ದೆ, ಸಾಲ, ಫೀಸು ಬಿಟ್ಟು ಅಪ್ಪ ಬೇರೆ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ.

ನನಗೂ ಧೈರ್ಯ ಬಂತು. ‘ಅಪ್ಪ, ಅದರ ಬೆನ್ನಿನ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ ಗೊತ್ತಾ? ಗರಿಯೊಳಗಿನ ಸೂಕ್ಷ್ಮ ರಚನೆಗೆ ಬೆಳಕು ತಾಗಿ ಚದುರೋದ್ರಿಂದ ನೀಲಿ ಕಾಣುತ್ತೆ ಅಷ್ಟೆ’ ಎಂದೆ. ಅಪ್ಪ ನನ್ನನ್ನೇ ನೋಡಿದರು. ‘ಇದ್ನೆಲ್ಲ ನಿಮ್ಮ ಕಾಲೇಜಲ್ಲಿ ಹೇಳ್ಕೊಡ್ತಾರಾ?’

ಆರು ತಿಂಗಳಲ್ಲಿ ನನ್ನ ಓದಿನ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ಹೂಂ ಎನ್ನುವಾಗ ಗಂಟಲು ಕಟ್ಟಿತು.

ದೋಣಿ ದಡ ಸೇರುವಾಗ ಅಪ್ಪ ಮೆಲ್ಲಗೆ ಅಂದರು: ‘ಈಗ ನಾಲೆ ಏರಿಗೆಲ್ಲ ಸಿಮೆಂಟ್ ಹಾಕವ್ರೆ. ಪಾಪ, ಅವು ಬಿಲ ಎಲ್ಲಿ ತೋಡ್ತವೋ?’ ಕೊನೆ ಭಾಗದ ಗದ್ದೆಗೆ ನೀರು ತಲುಪಲು ಸಿಮೆಂಟ್ ಬೇಕು ಎಂದು ಊರವರ ಜತೆ ಕೂಗಿದವರಲ್ಲಿ ಅಪ್ಪನೂ ಒಬ್ಬರು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರೇ ಬಂದು ಎಬ್ಬಿಸಿದರು. ಸಿಮೆಂಟ್ ಕಾಣದ ಹಳೇ ಕೆರೆ ಏರಿಯ ಮೇಲೆ ಇಬ್ಬರೂ ನಡೆದೆವು. ಮಿಂಚುಳ್ಳಿ ಕಾಣಲಿಲ್ಲ. ದಾರಿಯುದ್ದಕ್ಕೂ ಮಾತಿತ್ತು.