ಹತ್ತಿದ ಹಾಡು, ಇಳಿಯದ ಪಲ್ಲವಿ

ಬೆಳಗ್ಗೆ ಏಳೂಕಾಲಿಗೆ ಕಸದ ಗಾಡಿ ಬೀದಿಗೆ ಬರುತ್ತದೆ, ಏಳೂವರೆಗೆ ಹೋಗಿಯೂ ಬಿಡುತ್ತದೆ. ಅದರ ಹಾಡು ಮಾತ್ರ ಹೋಗುವುದಿಲ್ಲ. ಮಗುವಿಗೆ ಟೈ ಕಟ್ಟುವಾಗ ಇರುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಇರುತ್ತದೆ, ಆಫೀಸಿನ ಲಿಫ್ಟಿನಲ್ಲೂ ಜೊತೆಗೇ ಹತ್ತುತ್ತದೆ. ನಾವೇನೂ ಅದನ್ನು ಇಷ್ಟಪಟ್ಟು ಕೇಳಿದವರಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡುವ ಗಡಿಬಿಡಿಯಲ್ಲಿ ಕಿವಿಗೆ ಬಿದ್ದದ್ದು. ಪೂರ್ತಿ ಹಾಡೂ ಅಲ್ಲ. ಎರಡೇ ಸಾಲು, ಅದರಲ್ಲೂ ಎರಡನೆಯದರ ಕೊನೆಯ ಪದ ಸರಿಯಾಗಿ ಕೇಳಿಸಿರುವುದಿಲ್ಲ. ಅಷ್ಟೇ ಇಟ್ಟುಕೊಂಡು ಅದು ಮಧ್ಯಾಹ್ನದ ಊಟದವರೆಗೂ ತಲೆಯಲ್ಲಿ ಗಿರಕಿ ಹೊಡೆಯುತ್ತಿರುತ್ತದೆ.

ಈ ಗುಂಗು ಹಿಡಿಯದವರು ಅಪರೂಪ. ಫಿನ್ಲೆಂಡಿನ ಸಂಶೋಧಕ ಲಾಸ್ಸಿ ಲೀಕ್ಕನೆನ್ ಅಲ್ಲಿನ 12,000ಕ್ಕೂ ಹೆಚ್ಚು ಜನರನ್ನು ಇಂಟರ್ನೆಟ್ಟಿನಲ್ಲಿ ಕೇಳಿದಾಗ, ವಾರಕ್ಕೊಮ್ಮೆಯಾದರೂ ಹೀಗಾಗುತ್ತದೆ ಎಂದವರು ಹೆಚ್ಚುಕಡಿಮೆ ಶೇ 90. ತಲೆಗೆ ಕೆಲಸವಿಲ್ಲದೆ ಕೈಕಾಲಿಗಷ್ಟೇ ಕೆಲಸವಿರುವ ಹೊತ್ತು ಹಾಡಿಗೆ ಬಲು ಪ್ರಶಸ್ತ: ಸ್ನಾನ, ನಡಿಗೆ, ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು.

ಮೊನ್ನೆ ಭಾನುವಾರ ನಮ್ಮ ಅತ್ತಿಗೆ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಕಾಯಿಯ ಹೋಳು ಕೈಯಲ್ಲಿ ತಿರುಗುವ ಲಯಕ್ಕೆ ಸರಿಯಾಗಿ, ಗಂಟಲೊಳಗೇ, ಯಾವುದೋ ಕಾಲದ ಸೋಪಿನ ಜಾಹೀರಾತಿನ ರಾಗ. ಬಚ್ಚಲಮನೆಯಲ್ಲಿ ಗಡ್ಡ ಹೆರೆಯುತ್ತಿದ್ದ ಅಣ್ಣ ಅದರ ಮುಂದಿನ ತುಣುಕನ್ನು ಶಿಳ್ಳೆಯಲ್ಲಿ ಹಾಕಿದ.

“ಏನ್ರೀ ಅದು, ಬೆಳಗ್ಗೆ ಬೆಳಗ್ಗೆ ಸೋಪಿನ ಹಾಡು?” ಎಂದು ಅತ್ತಿಗೆ ಕೂಗಿದರು.

“ನೀನೇ ಕಣೇ ಶುರು ಮಾಡಿದ್ದು.”

“ನಾನೆಲ್ಲಿ ಹಾಡ್ದೆ?”

ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಹಾಡುತ್ತಿದ್ದುದು ಅವರಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ರಾಗ ನನ್ನ ತಲೆಗೂ ದಾಟಿಯಾಗಿತ್ತು.

ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುವ ಗುಣವನ್ನು ಅಮೆರಿಕದ ಮಾರ್ಕ್ ಟ್ವೇನ್ 1876ರಲ್ಲೇ ಕಥೆ ಮಾಡಿದ್ದ. ಕುದುರೆ ಎಳೆಯುವ ಟ್ರಾಮಿನ ಕಂಡಕ್ಟರನಿಗೆ ಟಿಕೆಟ್ಟಿನ ಬಣ್ಣ, ದರ ನೆನಪಿಸುವ ಒಂದು ಪ್ರಾಸದ ಪದ್ಯ ಕಥೆಗಾರನಿಗೆ ಪತ್ರಿಕೆಯಲ್ಲಿ ಸಿಗುತ್ತದೆ. ಅಲ್ಲಿಗೆ ಅವನ ಬರವಣಿಗೆ ನಿಂತಿತು, ಊಟ ಸೇರದಾಯಿತು, ನಿದ್ದೆ ಹಾರಿಹೋಯಿತು. ಕೊನೆಗೆ ಪಾದ್ರಿ ಗೆಳೆಯನೊಬ್ಬ ಜೊತೆಗೆ ನಡೆಯಲು ಬಂದಾಗ ಪದ್ಯವನ್ನು ಅವನಿಗೆ ಹೇಳಿಕೊಡುತ್ತಾನೆ. ಇವನ ತಲೆ ಹಗುರ, ಪಾದ್ರಿಯ ತಲೆ ಭಾರ. ಪಾಪ, ಆ ಪಾದ್ರಿ ಶವಸಂಸ್ಕಾರದ ಉಪದೇಶವನ್ನೂ ಅದೇ ಲಯದಲ್ಲಿ ಕೊಡಬೇಕಾಗುತ್ತದೆ. ಹಾಡನ್ನು ಇನ್ನೊಬ್ಬರಿಗೆ ದಾಟಿಸಿ ಪಾರಾಗುವ ಈ ಉಪಾಯ ಕಥೆಯಲ್ಲಿ ಚೆನ್ನ. ಮನೆಯಲ್ಲಿ ಮಾಡಿದರೆ ಅರ್ಧ ಗಂಟೆಯಲ್ಲಿ ಹಾಡು ಶಿಳ್ಳೆಯಾಗಿ ವಾಪಸು ಬರುತ್ತದೆ.

ಯಾವ ಹಾಡು ಅಂಟುತ್ತದೆ ಎಂಬುದನ್ನು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಕೆಲ್ಲಿ ಯಾಕುಬೊವ್ಸ್ಕಿ ಮತ್ತು ಸಂಗಡಿಗರು 3,000 ಜನರ ಉತ್ತರಗಳಿಂದ ಹುಡುಕಿದರು. 2016ರಲ್ಲಿ ಹೊರಬಂದ ಅವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಲೇಡಿ ಗಾಗಾಳ ‘ಬ್ಯಾಡ್ ರೊಮ್ಯಾನ್ಸ್’. ಅಂಟುವ ಹಾಡಿನ ವೇಗ ತುಸು ಹೆಚ್ಚು. ರಾಗದ ನಡೆ ಸರಳ, ಮಕ್ಕಳ ‘ಟ್ವಿಂಕಲ್ ಟ್ವಿಂಕಲ್’ ಪದ್ಯದಂತೆ ಹತ್ತಿ ಇಳಿಯುವುದು. ಆದರೆ ನಡುವೆ ಎಲ್ಲೋ ಒಂದು ಕಡೆ ಕಿವಿ ನಿರೀಕ್ಷಿಸದ ಜಿಗಿತ.

ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ಪಿಳ್ಳಾರಿ ಗೀತೆ. ಸಂಗೀತ ಪಾಠದಲ್ಲಿ ಸರಳೆ, ಜಂಟಿ, ಅಲಂಕಾರ ಮುಗಿಸಿದ ಮಕ್ಕಳಿಗೆ ಮೊದಲ ಸಲ ‘ಹಾಡು’ ಎಂದು ಸಿಗುವುದು ಅದು, ಪುರಂದರದಾಸರ ಹೆಸರಿನ ಮಲಹರಿ ರಾಗದ ಗೀತೆ. ಸಂಜೆ ಸಾಲಾಗಿ ಕೂತು, ತೊಡೆ ತಟ್ಟಿ ತಾಳ ಹಾಕುತ್ತ, ಮೇಡಂ ಹೇಳಿದ್ದನ್ನು ಹೇಳಿದ ಮಗು ರಾತ್ರಿ ಹಾಸಿಗೆಯಲ್ಲಿ ಬೆರಳು ಮಡಚುತ್ತಿರುತ್ತದೆ, ಕಣ್ಣು ಮುಚ್ಚಿದ್ದರೂ. ಮಲಹರಿ ಹತ್ತುವಾಗ ಐದೇ ಸ್ವರ. ಗಾಂಧಾರವೂ ಇಲ್ಲ, ನಿಷಾದವೂ ಇಲ್ಲ. ಇಳಿಯುವಾಗ ಗಾಂಧಾರ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಡರ್ಹಮ್ಮಿನವರು ಹೇಳುವ ಜಿಗಿತ ಇದೇ ಇರಬಹುದೇ ಎಂಬುದು ನನ್ನ ಗುಮಾನಿ, ಅಷ್ಟೇ. ಅವರೇನೂ ಮಲಹರಿಯನ್ನು ಪರೀಕ್ಷೆಗೆ ಒಡ್ಡಿದವರಲ್ಲ.

ಶ್ರುತಿಜ್ಞಾನವಿಲ್ಲ ಎಂದು ಪಾಠದಲ್ಲಿ ಬೈಸಿಕೊಂಡವರಿಗೆ ಒಂದು ಸಮಾಧಾನದ ಸುದ್ದಿಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನದ ಯಾವುದೋ ಹೊತ್ತಿಗೆ ಜನರ ಮೊಬೈಲಿಗೆ ಸಂದೇಶ ಕಳಿಸಿ, ಈಗ ತಲೆಯಲ್ಲಿ ಓಡುತ್ತಿರುವ ಹಾಡನ್ನು ಹಾಡಿ ರೆಕಾರ್ಡ್ ಮಾಡಿ ಎಂದರು. ಬಂದ ರೆಕಾರ್ಡಿಂಗುಗಳಲ್ಲಿ ಸುಮಾರು ಶೇ 45 ಮೂಲ ಹಾಡಿನ ಶ್ರುತಿಯಲ್ಲೇ ಇದ್ದವು. ಗಂಟಲು ಅಪಶ್ರುತಿಯಾದರೂ ತಲೆ ಅಷ್ಟು ಸುಲಭಕ್ಕೆ ಶ್ರುತಿ ಬಿಡುವುದಿಲ್ಲ.

ಹಾಡು ಕೇಳಿಸುವುದು ನಿಂತ ಮೇಲೂ ಮಿದುಳು ಅದನ್ನು ಮುಂದುವರಿಸುತ್ತದೆ ಎಂಬುದಕ್ಕೆ ಸಾಕ್ಷಿ ಹಳೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು 2005ರಲ್ಲಿ, ಪರಿಚಿತ ಹಾಡುಗಳ ನಡುನಡುವೆ ಮೌನದ ತುಂಡುಗಳನ್ನು ಸೇರಿಸಿ, ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸದ್ದಿಲ್ಲದ ಆ ತುಂಡುಗಳಲ್ಲೂ ಶಬ್ದ ಗ್ರಹಿಸುವ ಭಾಗ ಕೆಲಸ ಮಾಡುತ್ತಲೇ ಇತ್ತು. ರೇಡಿಯೊದಲ್ಲಿ ಕೋರಿಕೆಯ ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಾತು ಶುರುವಾಗುವುದು ಇಲ್ಲಿಂದ. ತಲೆಗೆ ಹತ್ತಿದ ಹಾಡನ್ನು ಹಿಡಿದು ನೋಡಿ, ಅದು ಹೆಚ್ಚಾಗಿ ಪಲ್ಲವಿ. ನಮ್ಮ ಹಾಡಿನ ಕಟ್ಟೋಣವೇ ಹಾಗೆ. ದಾಸರ ಪದವಿರಲಿ, ಭಾವಗೀತೆಯಿರಲಿ, ಸಿನಿಮಾ ಹಾಡಿರಲಿ, ಪ್ರತಿ ಚರಣ ಮುಗಿದಾಗಲೂ ಪಲ್ಲವಿಗೆ ಮರಳಬೇಕು. ಹಾಡೊಂದನ್ನು ಹತ್ತು ಸಲ ಕೇಳಿದವನ ಕಿವಿಗೆ ಪಲ್ಲವಿ ನಲವತ್ತು ಸಲ ಬಿದ್ದಿರುತ್ತದೆ, ಎರಡನೆಯ ಚರಣ ಹತ್ತೇ ಸಲ. ತಲೆಯೊಳಗೆ ಹಾಡು ಶುರುವಾದಾಗ ಪಲ್ಲವಿ ಸರಾಗ. ಚರಣದ ಬಾಗಿಲಿಗೆ ಬಂದಾಗ ಮಾತು ಮರೆತಿದೆ. ಮುಂದೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ದಾರಿ ಚೆನ್ನಾಗಿ ಗೊತ್ತು. ಅದು ಮತ್ತೆ ಪಲ್ಲವಿಗೇ ಬರುತ್ತದೆ.

ಬಸ್ಸಿನ ಹಾಡು ಅಷ್ಟು ಕಾಡುವುದೂ ಇದಕ್ಕೇ ಇರಬೇಕು. ಕರಾವಳಿಯ ಖಾಸಗಿ ಬಸ್ಸಿನಲ್ಲಿ ಡ್ರೈವರಿನ ಮೆಚ್ಚಿನ ಹಾಡು ಒಳ್ಳೆಯ ಹದಕ್ಕೆ ಬಂದಿರುತ್ತದೆ, ಆಗಲೇ ಕಂಡಕ್ಟರ್ ನಮ್ಮ ಸ್ಟಾಪಿನ ಹೆಸರು ಕೂಗುತ್ತಾನೆ. ಹಾಡು ಮುಗಿಯಲಿ ಎಂದು ಯಾರೂ ಮುಂದಿನ ಸ್ಟಾಪಿನವರೆಗೆ ಕೂರುವುದಿಲ್ಲ. ಉಳಿದರ್ಧವನ್ನು ತಲೆ ತಾನೇ ಹೊತ್ತುಕೊಂಡು ಮನೆಗೆ ಬರುತ್ತದೆ.

ಮುಗಿಯದ ಕೆಲಸ ಮನಸ್ಸಿನಲ್ಲಿ ಉಳಿಯುತ್ತದೆ ಎಂದು 1927ರಲ್ಲಿ ಬರೆದವಳು ಬರ್ಲಿನ್ನಿನಲ್ಲಿ ಓದುತ್ತಿದ್ದ ಬ್ಲೂಮಾ ಜೈಗಾರ್ನಿಕ್. ಬಿಲ್ ಕಟ್ಟದ ಗಿರಾಕಿಗಳ ಆರ್ಡರು ಹೋಟೆಲಿನ ಮಾಣಿಗಳಿಗೆ ಬಾಯಿಪಾಠ, ಹಣ ಬಂದ ಮರುಕ್ಷಣ ಮರೆವು ಎಂಬ ಮಾತಿನ ಜೊತೆ ಅವಳ ಹೆಸರು ಸೇರಿಕೊಂಡಿದೆ. ನಂತರದ ಪ್ರಯೋಗಗಳೆಲ್ಲ ಇದಕ್ಕೆ ತಲೆಯಾಡಿಸಿಲ್ಲ, ಹಾಡಿನ ವಿಷಯದಲ್ಲೂ ಪೂರ್ತಿ ಒಪ್ಪಿಗೆ ಸಿಕ್ಕಿಲ್ಲ. ಆದರೂ ಹಾಡನ್ನು ಓಡಿಸುವುದಕ್ಕಿಂತ ಮುಗಿಸಿಕೊಡುವುದೇ ಮೇಲು ಎಂಬ ಪಕ್ಷ ನನ್ನದು. ಬ್ರಿಟನ್ ಮತ್ತು ಫಿನ್ಲೆಂಡಿನ ಜನ ಏನು ಮಾಡುತ್ತಾರೆ ಎಂದು ವಿಕ್ಟೋರಿಯಾ ವಿಲಿಯಮ್ಸನ್ ಮತ್ತು ಸಂಗಡಿಗರು ಕಲೆಹಾಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಎರಡು ದಾರಿ ಕಾಣುತ್ತವೆ. ಒಂದು, ಗಮನ ಬೇರೆಡೆ ತಿರುಗಿಸುವುದು. ಇನ್ನೊಂದು, ಆ ಹಾಡನ್ನೇ ಹುಡುಕಿ ತೆಗೆದು ಮೊದಲಿಂದ ಕೊನೆಯವರೆಗೆ ಕೇಳುವುದು.

ಓಡಿಸಲು ಹೊರಟವರ ಪಾಡು ನಮ್ಮ ಹಿರಿಯರಿಗೆ ಗೊತ್ತಿತ್ತು. ಮದ್ದು ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯನ ಮಾತು ಕೇಳಿದವನಿಗೆ ಲೋಟ ಎತ್ತಿದಾಗಲೆಲ್ಲ ಕೋತಿಯೇ. 1987ರಲ್ಲಿ ಡೇನಿಯಲ್ ವೆಗ್ನರ್ ಅಮೆರಿಕದ ವಿದ್ಯಾರ್ಥಿಗಳಿಗೆ, ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದ. ಗಂಟೆ ಬಾರಿಸುತ್ತಲೇ ಇತ್ತು.

ಗಮನ ತಿರುಗಿಸುವುದರಲ್ಲೂ ಹದ ಬೇಕು. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಐರಾ ಹೈಮನ್ ತಂಡ ಜನರಿಗೆ ಹಾಡು ಕೇಳಿಸಿ, ಆಮೇಲೆ ಸುಡೊಕುವನ್ನೂ ಅಕ್ಷರ ಜೋಡಿಸಿ ಪದ ಮಾಡುವ ಆಟವನ್ನೂ ಕೊಟ್ಟಿತು. ತೀರ ಸುಲಭವಾದರೆ ತಲೆಯಲ್ಲಿ ಜಾಗ ಖಾಲಿ ಉಳಿದು ಹಾಡು ಬಂತು. ತೀರ ಕಷ್ಟವಾದರೆ ಮನಸ್ಸು ಬೇಸತ್ತು ಅಲೆದಾಡಿ ಆಗಲೂ ಹಾಡು ಬಂತು. ಕೆಲಸ ಮಾಡಿದ್ದು ನಡುವಿನದು. ಭಾನುವಾರದ ಪದಬಂಧ ಈ ಲೆಕ್ಕದಲ್ಲಿ ಒಳ್ಳೆಯ ಮದ್ದು, ಎಡದಿಂದ ಬಲಕ್ಕೆ ಅರ್ಧ ತುಂಬುವವರೆಗೆ. ಉಳಿದ ಮೂರು ಪದ ಹೊಳೆಯದೆ ಪೆನ್ನು ಕಚ್ಚುತ್ತ ಕೂತಾಗ ಪಲ್ಲವಿ ಮೆಲ್ಲಗೆ ಹಾಜರು.

ಇನ್ನೊಂದು ಉಪಾಯ ಕೇಳಿದರೆ ನಗು ಬರುತ್ತದೆ, ಆದರೆ ಕಾರಣ ಗಟ್ಟಿ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ಮತ್ತು ಸಂಗಡಿಗರು 2015ರಲ್ಲಿ 98 ಜನರ ಮೇಲೆ ಪ್ರಯೋಗ ಮಾಡಿ, ಚ್ಯೂಯಿಂಗ್ ಗಮ್ ಅಗಿಯುವವರಿಗೆ ಹಾಡು ಕಡಿಮೆ ಕಾಡಿತು ಎಂದು ಕಂಡುಕೊಂಡರು. ತಲೆಯಲ್ಲಿ ಹಾಡು ಓಡುವಾಗ ನಾಲಿಗೆ, ದವಡೆಗಳನ್ನು ಆಡಿಸುವ ವ್ಯವಸ್ಥೆಯೂ ಸದ್ದಿಲ್ಲದೆ ಅದರ ಜೊತೆ ಹಾಡುತ್ತಿರುತ್ತದೆ. ಬಾಯಿಗೆ ಬೇರೆ ಕೆಲಸ ಕೊಟ್ಟರೆ ಈ ಒಳಹಾಡಿಗೆ ಅಡಚಣೆ. ಮಲೆನಾಡಿನ ನಮ್ಮವರು ಇದನ್ನು ಓದಿ ಎಲೆಯಡಿಕೆ ತಟ್ಟೆ ಮುಂದೆಳೆದುಕೊಳ್ಳುವುದು ಬೇಡ; ಅಡಿಕೆಯ ಮೇಲೆ ಕ್ಯಾನ್ಸರಿನ ದೂರಿದೆ. ಒಂದು ಹಿಡಿ ಹುರಿಗಡಲೆ ಸಾಕು.

ರಾತ್ರಿಯ ಗುಂಗಿನದು ಬೇರೆ ರೀತಿ. ಮಾತಿಲ್ಲದ ಸಂಗೀತ ನಿದ್ದೆಗೆ ಒಳ್ಳೆಯದೆಂದು ಸಿನಿಮಾ ಹಾಡನ್ನು ಕೊಳಲಿನಲ್ಲೋ ಪಿಯಾನೊದಲ್ಲೋ ಹಾಕಿಕೊಂಡು ಮಲಗುವವರಿದ್ದಾರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ 2021ರಲ್ಲಿ ಕಂಡದ್ದು ಇದಕ್ಕೆ ಉಲ್ಟಾ. ಜನಪ್ರಿಯ ಹಾಡುಗಳನ್ನು ಮಾತಿಲ್ಲದೆ ಬರೀ ವಾದ್ಯದಲ್ಲಿ ಕೇಳಿ ಮಲಗಿದವರಿಗೇ ಗುಂಗು ಹೆಚ್ಚು ಹಿಡಿದು ನಿದ್ದೆ ಕೆಟ್ಟಿತು. ಬಿಟ್ಟ ಸ್ಥಳ ತುಂಬುವ ಚಾಳಿ ತಲೆಗೆ ಮಲಗಿದ ಮೇಲೂ ಹೋಗುವುದಿಲ್ಲವೆಂದು ಕಾಣುತ್ತದೆ.

ಇಷ್ಟೆಲ್ಲ ಹಗುರವಾಗಿ ಹೇಳಬಹುದಾದ ವಿಷಯ. ಹಗುರವಲ್ಲದ್ದೂ ಇದೆ. ಹಾಡು ತಲೆಯಲ್ಲಿ ಓಡುತ್ತಿದೆ ಎಂದು ಗೊತ್ತಿರುವುದು ಒಂದು, ಅದು ಹೊರಗಿನಿಂದಲೇ ಕೇಳುತ್ತಿದೆ ಅನ್ನಿಸುವುದು ಇನ್ನೊಂದು. ಕಿವಿ ಮಂದವಾದ ಹಿರಿಯರು “ಪಕ್ಕದ ಮನೇಲಿ ಇಷ್ಟು ಹೊತ್ತಿನಲ್ಲಿ ಭಜನೆ ಯಾಕಪ್ಪಾ” ಎಂದು ಕೇಳಿದರೆ ಅಜ್ಜಿಗೆ ಅರಳುಮರಳು ಎಂದು ನಗಬಾರದು. ಕೇಳುವುದು ಕಡಿಮೆಯಾದಾಗ ಮಿದುಳು ಹೀಗೆ ಸಂಗೀತ ಹುಟ್ಟಿಸಿಕೊಳ್ಳುವುದುಂಟು, ಶ್ರವಣ ಸಾಧನ ಹಾಕಿದ ಮೇಲೆ ಹಲವರಲ್ಲಿ ಅದು ಇಳಿಯುವುದೂ ಉಂಟು. ಹಾಡು ಬಿಡದೆ ಕಾಡಿ ನಿದ್ದೆ, ಕೆಲಸ ಎರಡೂ ಹಾಳಾಗುತ್ತಿದ್ದರೆ ಅದು ಗೀಳು ರೋಗದ ಒಂದು ರೂಪವೂ ಆಗಿರಬಹುದು. ಮನೋವೈದ್ಯರಲ್ಲಿ ಅದಕ್ಕೆ ಚಿಕಿತ್ಸೆಯಿದೆ.

ಉಳಿದವರಿಗೆ ಒಂದು ಹಾಡನ್ನು ಇನ್ನೊಂದು ಹಾಡಿನಿಂದ ಇಳಿಸುವ ಹಳೆಯ ದಾರಿ ಇದ್ದೇ ಇದೆ. ವಿಲಿಯಮ್ಸನ್ ಅವರ ಅಧ್ಯಯನದಲ್ಲಿ ಇಂಥ ಮದ್ದಿನ ಹಾಡು ಯಾವುದೆಂದು ಕೇಳಿದಾಗ ಬ್ರಿಟನ್ನಿನವರು ತಮ್ಮ ರಾಷ್ಟ್ರಗೀತೆಯನ್ನು ಹೆಸರಿಸಿದ್ದರು. ನನ್ನ ಲೆಕ್ಕಕ್ಕೆ ಸರಿಹೊಂದುತ್ತದೆ. ರಾಷ್ಟ್ರಗೀತೆಗೆ ಗಟ್ಟಿಯಾದ ಕೊನೆಯಿದೆ, ಮುಗಿಯಿತು ಎಂದರೆ ಮುಗಿಯಿತು. ನಮ್ಮ ಕಡೆ ಆ ಕೆಲಸವನ್ನು ಮಂಗಳ ಮಾಡುತ್ತದೆ. ಭಜನೆ, ಕಛೇರಿ, ಯಕ್ಷಗಾನ, ಯಾವುದೇ ಆಗಲಿ, ಮಂಗಳ ಹಾಡಿದ ಮೇಲೆ ಜಮಖಾನ ಮಡಚುವುದೇ. ನಮ್ಮಮ್ಮ ತಲೆಗೆ ಸೀರಿಯಲ್ಲಿನ ಹಾಡು ಹತ್ತಿದಾಗ ಮಂಗಳಾರತಿಯ ಪದವನ್ನು ಗಟ್ಟಿಯಾಗಿ ಒಂದು ಸಲ ಹೇಳಿ ಮುಗಿಸುತ್ತಾರೆ. ಕೆಲಸ ಮಾಡುತ್ತದಂತೆ.

ಅಣ್ಣನಿಗೆ ಮಂಗಳ ಬಾಯಿಗೆ ಬಾರದು, ನಾಡಗೀತೆ ಪ್ರಯೋಗಿಸಿ ನೋಡಿದ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಸರ್ಕಾರ 2022ರಲ್ಲಿ ನಿಗದಿ ಮಾಡಿದ ಅವಧಿ ಎರಡೂವರೆ ನಿಮಿಷ. ಮೊದಲ ನಿಮಿಷ ಎಲ್ಲರಿಗೂ ಬರುತ್ತದೆ. ನಡುವೆ ಹೆಸರುಗಳ ಸಾಲು ಬಂದಾಗ ಇವನಿಗೆ ಒಂದು ಹೆಸರು ತಪ್ಪಿತು, ಮತ್ತೆ ಮೊದಲಿಗೆ ಬಂದ, ಮತ್ತೆ ಅಲ್ಲೇ ತಪ್ಪಿತು. ಸೀರಿಯಲ್ಲು ಇಳಿಯಿತು, ನಾಡಗೀತೆ ಎರಡು ದಿನ ಇತ್ತು. ಈಗ 52 ಸೆಕೆಂಡಿನ ರಾಷ್ಟ್ರಗೀತೆಗೆ ಬಂದಿದ್ದಾನೆ. ಅದು ಶಾಲೆಯಿಂದಲೇ ಕೊನೆಯವರೆಗೂ ಬಾಯಿಪಾಠ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಅವನ ಒಂದೇ ತಕರಾರು, ಬಸ್ಸಿನಲ್ಲಿ ಸೀಟು ಸಿಕ್ಕಿ ಕೂತಿರುವಾಗ ಅದನ್ನು ತಲೆಯಲ್ಲಿ ಶುರು ಮಾಡಿದರೆ ಎದ್ದು ನಿಲ್ಲಬೇಕೋ ಬೇಡವೋ ಎಂಬುದು.