ವೃದ್ಧರ ಆಸ್ತಿಯೂ ವಕೀಲರ ಆಯ್ಕೆಯೂ

ಮೂರು ಕಾಸಿನ ಮಡಕೆಯನ್ನು ಕೊಳ್ಳುವಾಗಲೂ ತಟ್ಟಿ ನೋಡಿ ಕೊಳ್ಳುವುದು ನಮ್ಮ ಜನರ ವಾಡಿಕೆ. ಮಗಳಿಗೆ ವರನನ್ನು ಹುಡುಕುವಾಗ ಹತ್ತು ಊರು ತಿರುಗುವ ಗೃಹಸ್ಥರು, ಮನೆ ಕಟ್ಟಿಸುವ ಮುನ್ನ ಮೇಸ್ತ್ರಿಯು ಹಿಂದೆ ಕಟ್ಟಿದ ಮನೆಗಳನ್ನು ಹೋಗಿ ನೋಡಿಬರುವ ಗೃಹಸ್ಥರು, ತಮ್ಮ ಜೀವಮಾನದ ಗಳಿಕೆಯೆಲ್ಲವನ್ನೂ ಒಂದು ಕಾಗದದ ಮೇಲಿಳಿಸಿ ರುಜು ಹಾಕುವ ದಿನ ಮಾತ್ರ, ಆ ಕಾಗದವನ್ನು ಬರೆದವರು ಯಾರು, ಯಾರ ಹಿತಕ್ಕಾಗಿ ಬರೆದರು ಎಂಬುದನ್ನು ವಿಚಾರಿಸುವುದಿಲ್ಲ. ಹಿರಿಯ ಮಗನು ಕರೆತಂದವರೋ, ಅಳಿಯನ ಸ್ನೇಹಿತರೋ, ಸಬ್‌ರಿಜಿಸ್ಟ್ರಾರರ ಕಚೇರಿಯ ಮುಂದೆ ಮೇಜು ಹಾಕಿ ಕುಳಿತ ಪತ್ರಬರಹಗಾರರೋ, ಅಂದು ಎದುರಿಗೆ ಸಿಕ್ಕವರ ಕೈಗೆ ಮುಪ್ಪಿನ ಕಾಲದ ಅನ್ನ ವಸತಿಗಳನ್ನು ಒಪ್ಪಿಸಿಬಿಡುತ್ತಾರೆ. ಈ ಅಜಾಗರೂಕತೆಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ಅವಶ್ಯವೆಂದು ನಮಗೆ ತೋರಿದೆ.

ನಾವು ಹೇಳಬೇಕೆಂದಿರುವುದು ಸಂಕ್ಷೇಪವಾಗಿ ಇಷ್ಟೇ: ವೃದ್ಧರ ಆಸ್ತಿಯ ಕಾಗದಪತ್ರಗಳನ್ನು ಬರೆಯುವ ವಕೀಲರು ವೃದ್ಧರ ವಕೀಲರಾಗಿರಬೇಕು, ಆ ಆಸ್ತಿಯನ್ನು ಪಡೆಯಲಿರುವವರ ವಕೀಲರಾಗಿರಬಾರದು. ವಿದ್ಯೆ, ಅನುಭವ, ಹೆಸರು ಇವೆಲ್ಲವೂ ಬೇಕಾದುವೇ ಸರಿ. ಆದರೆ ಅವುಗಳ ಲೆಕ್ಕವು ಈ ಒಂದು ಪ್ರಶ್ನೆಗೆ ಉತ್ತರ ದೊರೆತ ಮೇಲಿನದು.

ಇದು ಏಕೆ ಇಷ್ಟು ಮುಖ್ಯವೆಂಬುದನ್ನು ತಿಳಿಯಲು ಎರಡು ಬಗೆಯ ಪತ್ರಗಳ ಭೇದವನ್ನು ಗಮನಿಸಬೇಕು. ಉಯಿಲು, ಅಥವಾ ಮರಣಶಾಸನವು, ಬರೆದವರ ಕಾಲಾನಂತರವೇ ಜಾರಿಗೆ ಬರತಕ್ಕದ್ದು. ಬದುಕಿರುವವರೆಗೂ ಆಸ್ತಿ ಅವರದೇ. ಬುದ್ಧಿ ಸ್ವಸ್ಥವಾಗಿರುವವರೆಗೆ ಅದನ್ನು ಎಷ್ಟು ಬಾರಿಯಾದರೂ ತಿದ್ದಬಹುದು, ರದ್ದುಮಾಡಬಹುದು. ದಾನಪತ್ರದ ರೀತಿ ಬೇರೆ. ಅದು ರಿಜಿಸ್ಟರಾಗಿ, ಪಡೆದವರು ಅದನ್ನು ಒಪ್ಪಿಕೊಂಡರೆಂದರೆ ಮನೆ ಅಂದೇ ಕೈಬಿಟ್ಟುಹೋಯಿತು. ಮನಸ್ಸು ಬದಲಾಯಿತೆಂದು ಅದನ್ನು ಹಿಂದಕ್ಕೆ ಪಡೆಯಲಾಗದು. ಪಡೆಯುವವರಿಗೆ ದಾನಪತ್ರವೇ ಅನುಕೂಲ. ಕೊಡುವವರಿಗೆ ಬಹುಮಟ್ಟಿಗೆ ಉಯಿಲೇ ಕ್ಷೇಮ. ಮಗನ ಕಡೆಯ ವಕೀಲರು ಯಾವುದನ್ನು ಸೂಚಿಸಿಯಾರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ‘ಎಲ್ಲಾ ಒಂದೇ ಅಪ್ಪಾಜಿ, ಇಲ್ಲಿ ರುಜು ಹಾಕಿ’ ಎಂಬ ಒಂದು ಮಾತಿಗೆ ಮನೆ ಕಳೆದುಕೊಂಡು, ತಾವೇ ಕಟ್ಟಿಸಿದ ಮನೆಯ ಹಿಂದಿನ ಕೋಣೆಯಲ್ಲಿ ಹಂಗಿನ ಕೂಳು ಉಣ್ಣುವ ಹಿರಿಯರು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ.

ಈ ಅನ್ಯಾಯಕ್ಕೆ ಪರಿಹಾರವಾಗಿ 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕಾಯಿದೆಯು ಬಂದಿತು. ಅದರ 23ನೆಯ ಕಲಮಿನ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನೊಡನೆ ಹಿರಿಯರು ಆಸ್ತಿಯನ್ನು ಕೊಟ್ಟಿದ್ದು, ಪಡೆದವರು ಆ ಷರತ್ತನ್ನು ಮೀರಿದರೆ, ಆ ಪತ್ರವನ್ನು ರದ್ದುಪಡಿಸುವಂತೆ ನ್ಯಾಯಮಂಡಲಿಯನ್ನು ಕೇಳಬಹುದು. ಆದರೆ ಆ ಷರತ್ತು ಇತ್ತೆಂಬುದು ರುಜುವಾತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಈ ಕಾಯಿದೆಯನ್ನು ವೃದ್ಧರಿಗೆ ಹಿತವಾಗುವಂತೆ ಉದಾರವಾಗಿ ಅರ್ಥಮಾಡಬೇಕೆಂದು ಸಾರಿ, ಮಗನಿಗೆ ಮಾಡಿದ ದಾನವನ್ನು ರದ್ದುಗೊಳಿಸಿತು. ಅಲ್ಲಿಯೂ, ತಾಯಿಯನ್ನು ಕಡೆಯವರೆಗೆ ನೋಡಿಕೊಳ್ಳುವೆನೆಂದು ಮಗನು ಬರೆದುಕೊಟ್ಟನೆನ್ನಲಾದ ವಚನಪತ್ರವೊಂದು ನ್ಯಾಯಾಲಯದ ಮುಂದಿತ್ತೆಂಬುದನ್ನು ಮರೆಯಲಾಗದು. ದಾನಪತ್ರವನ್ನು ಬರೆಯಲೇಬೇಕಾದ ಸಂದರ್ಭದಲ್ಲಿ ‘ದಾನಿಗಳಿಗೆ ಜೀವಾವಧಿ ವಾಸದ ಹಕ್ಕು ಉಂಟು, ಅನ್ನ ವಸ್ತ್ರ ಔಷಧೋಪಚಾರಗಳ ಭಾರ ಪಡೆದವರದು’ ಎಂಬ ಎರಡು ಪಂಕ್ತಿಗಳನ್ನು ಸೇರಿಸುವ ವಕೀಲರು ವೃದ್ಧರ ವಕೀಲರು. ಅದನ್ನು ಬಿಟ್ಟವರು, ಮರೆತು ಬಿಟ್ಟಿರಲಿ, ಬೇಕೆಂದೇ ಬಿಟ್ಟಿರಲಿ, ವೃದ್ಧರಿಗೆ ಆಗುವ ಕೇಡು ಒಂದೇ.

ಉಯಿಲಿನ ಮಾತಿನಲ್ಲಿಯೂ ನ್ಯಾಯಾಲಯಗಳು ಇದೇ ಪ್ರಶ್ನೆಯನ್ನು ಕೇಳುತ್ತವೆ. ನಮ್ಮ ಮೈಸೂರು ಸೀಮೆಯ ಒಂದು ಮೊಕದ್ದಮೆಯೇ ಇಡೀ ಭಾರತಕ್ಕೆ ಈ ವಿಷಯದಲ್ಲಿ ಮಾರ್ಗದರ್ಶಿಯಾಗಿದೆ. ಮಹಿಳೆಯೊಬ್ಬರು 1945ರಲ್ಲಿ ಬರೆದರೆನ್ನಲಾದ ಉಯಿಲನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ವೆಂಕಟಾಚಲ ಅಯ್ಯಂಗಾರ್ ಎಂಬ ಹೆಸರಿನ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಯಿಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯಕ್ಕೆ ಎಡೆಗೊಡುವ ಸಂಗತಿಯೆಂದೂ, ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ ಎಂದೂ ನ್ಯಾಯಾಲಯವು ಸ್ಪಷ್ಟಪಡಿಸಿ, ಆ ಉಯಿಲನ್ನು ಮಾನ್ಯಮಾಡಲಿಲ್ಲ. ಆದ್ದರಿಂದ ಮಕ್ಕಳ ಹಿತದೃಷ್ಟಿಯಿಂದ ನೋಡಿದರೂ, ತಂದೆಯನ್ನು ತಮ್ಮ ವಕೀಲರ ಬಳಿಗೆ ಕರೆದೊಯ್ಯುವುದು ಜಾಣತನವಲ್ಲ. ಇಂದು ಅನುಕೂಲವೆಂದು ತೋರಿದುದು ನಾಳೆ ಒಡಹುಟ್ಟಿದವರ ವ್ಯಾಜ್ಯಕ್ಕೆ ಬೀಜವಾಗುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹಾಗಾದರೆ ತಕ್ಕ ವಕೀಲರನ್ನು ಗುರುತಿಸುವ ಬಗೆ ಹೇಗೆ? ವೃದ್ಧರ ಕಾನೂನಿಗೆಂದೇ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಸನ್ನದು ನಮ್ಮ ದೇಶದಲ್ಲಿಲ್ಲ. 1961ರ ವಕೀಲರ ಕಾಯಿದೆಯ ಪ್ರಕಾರ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರೆಲ್ಲರೂ ವಕೀಲರೇ. ತಮ್ಮ ಕಸುಬನ್ನು ಜಾಹೀರು ಮಾಡಿಕೊಳ್ಳುವುದು ಅವರಿಗೆ ನಿಷಿದ್ಧವಾದುದರಿಂದ, ದೊಡ್ಡ ಬಿರುದಿನ ಫಲಕವು ಅರ್ಹತೆಯ ಗುರುತಾಗಲಾರದು. ಸಿವಿಲ್ ವ್ಯವಹಾರದಲ್ಲಿ ನುರಿತವರು ಯಾರೆಂದು ಊರಿನ ನಾಲ್ವರು ನಿಷ್ಪಕ್ಷಪಾತಿಗಳನ್ನು ಕೇಳಿ, ಇಬ್ಬರನ್ನಾದರೂ ಕಂಡು, ಅನಂತರ ಒಬ್ಬರನ್ನು ಗೊತ್ತುಮಾಡುವುದು ಲೇಸು.

ಮೊದಲ ಭೇಟಿಯಲ್ಲಿಯೇ ಕೆಲವು ಲಕ್ಷಣಗಳು ಗೋಚರವಾಗುತ್ತವೆ. ಒಳ್ಳೆಯ ವಕೀಲರು ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಹೊರಗೆ ಕುಳಿತಿರುವಂತೆ ಹೇಳಿ, ಹಿರಿಯರೊಡನೆ ಏಕಾಂತದಲ್ಲಿ ಮಾತನಾಡುತ್ತಾರೆ. ‘ಏನನ್ನು ಬರೆಯಬೇಕು?’ ಎಂದು ಕೇಳುವ ಮುನ್ನ ‘ಬರೆದ ಮೇಲೆ ನೀವು ಎಲ್ಲಿರುತ್ತೀರಿ? ನಿಮ್ಮ ಖರ್ಚು ಹೇಗೆ ನಡೆಯುತ್ತದೆ?’ ಎಂದು ಕೇಳುತ್ತಾರೆ. ಆಸ್ತಿಯು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ಮೂಲಪತ್ರ, ಖಾತೆ, ಪಹಣಿಗಳನ್ನು ತರಿಸಿ ನೋಡುತ್ತಾರೆ. ಹಿಂದೂ ಕುಟುಂಬವಾದರೆ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಜನ್ಮದಿಂದಲೇ ಸಮಭಾಗವುಂಟೆಂಬುದನ್ನೂ, 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೃಢಪಡಿಸಿತೆಂಬುದನ್ನೂ ತಿಳಿಸಿ, ತಮ್ಮದಲ್ಲದ ಭಾಗವನ್ನು ಬರೆದುಕೊಡಲಾಗದೆಂದು ಎಚ್ಚರಿಸುತ್ತಾರೆ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡಿದ ಮಾತ್ರಕ್ಕೆ ಆ ಹೆಸರಿನವರೇ ಹಣದ ಒಡೆಯರಾಗುವುದಿಲ್ಲವೆಂಬುದನ್ನೂ ಅವರು ಹೇಳದೆ ಬಿಡುವುದಿಲ್ಲ.

ಉಯಿಲಿನ ವಿಧಿಗಳನ್ನು ಅವರು ಸರಳವಾಗಿ ವಿವರಿಸಬಲ್ಲವರಾಗಿರಬೇಕು. ಅದಕ್ಕೆ ಛಾಪಾಕಾಗದ ಬೇಕಾಗಿಲ್ಲ. ಬಿಳಿಯ ಹಾಳೆ ಸಾಕು. 1925ರ ಉತ್ತರಾಧಿಕಾರ ಕಾಯಿದೆಯ 63ನೆಯ ಕಲಮಿನಂತೆ ಬರೆದವರ ರುಜುವೂ, ಕನಿಷ್ಠ ಇಬ್ಬರು ಸಾಕ್ಷಿಗಳ ರುಜುವೂ ಇರಬೇಕು. ರಿಜಿಸ್ಟರು ಮಾಡಿಸುವುದು ಕಡ್ಡಾಯವಲ್ಲವಾದರೂ ಹಿತಕರ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರರ ವಶದಲ್ಲಿಡುವುದಕ್ಕೂ ಅವಕಾಶವುಂಟು. ಸಾಕ್ಷಿಗಳು ಆಸ್ತಿಯಲ್ಲಿ ಪಾಲಿಲ್ಲದವರೂ ವಯಸ್ಸಿನಲ್ಲಿ ಕಿರಿಯರೂ ಆಗಿದ್ದರೆ ಮೇಲು. ವಯಸ್ಸು ಬಹಳವಾಗಿದ್ದರೆ, ಬುದ್ಧಿ ಸ್ವಸ್ಥವಾಗಿದೆಯೆಂದು ಅದೇ ದಿನ ವೈದ್ಯರಿಂದ ಬರೆಯಿಸಿಕೊಳ್ಳುವುದು ವಿವೇಕ. ಮುಸಲ್ಮಾನರಾದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡಲಾಗದೆಂಬ ನಿಯಮವನ್ನೂ ವಕೀಲರು ಅರಿತಿರಬೇಕು.

ಮುಖತ್ಯಾರು ಪತ್ರದ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ವಿಶೇಷವಾಗಿದೆ. ಪಿಂಚಣಿ, ಬಾಡಿಗೆ, ಬ್ಯಾಂಕಿನ ವ್ಯವಹಾರಗಳಿಗಾಗಿ ಮಗನ ಹೆಸರಿಗೆ ಮುಖತ್ಯಾರು ಬರೆದುಕೊಟ್ಟರೆ ಕಡೆಯವರೆಗೂ ಚಿಂತೆಯಿಲ್ಲವೆಂದು ಬಹುಜನರು ನಂಬಿದ್ದಾರೆ. ಆದರೆ ನಮ್ಮ ಕಾನೂನಿನಂತೆ, ಬರೆದವರ ಮರಣದಿಂದ ಹೇಗೋ ಹಾಗೆಯೇ ಅವರ ಬುದ್ಧಿಭ್ರಮಣೆಯಿಂದಲೂ ಆ ಅಧಿಕಾರವು ಕೊನೆಗೊಳ್ಳುತ್ತದೆ. ಅಂದರೆ, ಅದು ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ ನಿಲ್ಲುತ್ತದೆ. ಆಮೇಲೆ ಮನೆಯವರು ನ್ಯಾಯಾಲಯದ ಮೊರೆಹೋಗಬೇಕಾಗುತ್ತದೆ. ಇದನ್ನು ಮುಂಚೆಯೇ ತಿಳಿಸದೆ ‘ಜನರಲ್ ಮುಖತ್ಯಾರು ಒಂದಿದ್ದರೆ ಸಾಕು’ ಎನ್ನುವವರ ಮಾತನ್ನು ನೆಚ್ಚುವುದು ಕ್ಷೇಮವಲ್ಲ. ಕೊನೆಗಾಲದ ಚಿಕಿತ್ಸೆ ಎಲ್ಲಿಯವರೆಗೆ ನಡೆಯಬೇಕೆಂಬುದನ್ನು ಮುಂಗಡವಾಗಿ ಬರೆದಿಡುವುದಕ್ಕೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಮ್ಮತಿಯಿತ್ತು, 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿದೆ. ಬುದ್ಧಿ ತಿಳಿಯಾಗಿರುವಾಗಲೇ ಇವೆಲ್ಲವನ್ನೂ ಒಟ್ಟಿಗೆ ಯೋಚಿಸತಕ್ಕದ್ದು.

ಇನ್ನು ಶುಲ್ಕದ ಮಾತು. ವ್ಯಾಜ್ಯದ ಫಲದಲ್ಲಿ ಪಾಲು ಕೇಳುವುದು ವಕೀಲರಿಗೆ ವೃತ್ತಿನಿಯಮದಂತೆ ನಿಷಿದ್ಧ. ‘ಗೆದ್ದರೆ ಆಸ್ತಿಯಲ್ಲಿ ಇಷ್ಟು ಕೊಡಿ’ ಎನ್ನುವವರಿಗೆ ಕೈಮುಗಿದು ಎದ್ದುಬರಬೇಕು. ಯಾವ ಯಾವ ಕೆಲಸಕ್ಕೆ ಎಷ್ಟು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಲು ಸಂಕೋಚ ಬೇಡ. ಮೂಲಪತ್ರಗಳನ್ನು ಕೊಟ್ಟರೆ ರಸೀದಿ ಪಡೆಯಬೇಕು. ಕೆಲಸ ಮುಗಿದೊಡನೆ ಹಿಂದಕ್ಕೆ ತರಬೇಕು.

ಹಣವಿಲ್ಲದವರೂ ದಿಕ್ಕಿಲ್ಲದವರಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ತಾಲ್ಲೂಕು ಕೇಂದ್ರಗಳಲ್ಲಿಯೂ ಸಮಿತಿಗಳಿವೆ. ಹೆಂಗಸರಿಗೆ ವರಮಾನದ ಲೆಕ್ಕವಿಲ್ಲದೆಯೇ ಅಲ್ಲಿ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಗಂಡನ ಕಾಲಾನಂತರ, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತುವ ನಮ್ಮ ತಾಯಂದಿರು ಈ ಬಾಗಿಲನ್ನು ಅರಿತಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದುವು. ಮಕ್ಕಳಿಂದ ಪೋಷಣೆ ಕೇಳುವುದಕ್ಕೂ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಲಿಗೆ ಹಿರಿಯರು ತಾವೇ ಅರ್ಜಿ ಸಲ್ಲಿಸಬಹುದು. ನೋಟೀಸು ತಲಪಿದ 90 ದಿನಗಳೊಳಗೆ ಅದು ಇತ್ಯರ್ಥವಾಗಬೇಕೆಂಬುದು ಕಾಯಿದೆಯ ಆಶಯ. ‘ಇದಕ್ಕೆ ನಾನು ಬೇಕಾಗಿಲ್ಲ, ಅರ್ಜಿಯನ್ನು ನೀವೇ ಕೊಡಿ’ ಎಂದು ದಾರಿ ತೋರಿಸುವ ವಕೀಲರು ದೊರೆತರೆ, ಅವರೇ ನಂಬಿಕೆಗೆ ಅರ್ಹರೆಂದು ನಾವು ಹೇಳುವೆವು.

ತಂದೆಗೆ ತಮ್ಮದೇ ವಕೀಲರು ಬೇಕೆಂದರೆ ಮಕ್ಕಳ ಮೇಲೆ ಅವಿಶ್ವಾಸವೆಂದು ಅರ್ಥವಲ್ಲ. ಒಳ್ಳೆಯ ಮಕ್ಕಳಿಗೆ ಇದರಿಂದ ನಷ್ಟವಿಲ್ಲ. ನಾಳೆ ಯಾರೂ ಅವರತ್ತ ಬೆರಳು ತೋರಿಸದಂತೆ ಇದೇ ರಕ್ಷೆಯಾಗುತ್ತದೆ. ಆದ್ದರಿಂದ ಮಕ್ಕಳೇ ಮುಂದಾಗಿ ‘ಅಪ್ಪಾ, ನಿಮಗೆ ಬೇಕಾದ ವಕೀಲರನ್ನು ನೀವೇ ನೋಡಿಕೊಳ್ಳಿ, ನಾವು ಬಾಗಿಲವರೆಗೆ ಕರೆತಂದು ಹೊರಗೆ ಕುಳಿತಿರುತ್ತೇವೆ’ ಎಂದು ಹೇಳಲಿ. ಹಿರಿಯರೂ ಕಣ್ಣು ಕಾಣುವಾಗ, ಕೈ ನಡುಗದಿರುವಾಗ, ಬರೆದುದನ್ನು ತಾವೇ ಓದಿ ತಿಳಿಯಬಲ್ಲ ಕಾಲದಲ್ಲಿಯೇ ಈ ಕಾರ್ಯವನ್ನು ಪೂರೈಸಲಿ. ಆಸ್ಪತ್ರೆಯ ಮಂಚದ ಬಳಿಗೆ ಕಾಗದವನ್ನು ತಂದು ಬೆರಳಿಗೆ ಮಸಿ ಹಚ್ಚುವ ದಿನದವರೆಗೆ ಕಾದರೆ, ಅಂದು ವಕೀಲರನ್ನು ಆರಿಸುವವರು ಹಿರಿಯರಾಗಿರುವುದಿಲ್ಲ.