ಕೀಲೆಣ್ಣೆ ಒಳಗೇ ಇದೆ

ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. ಬಸ್ಸು ನಿಲ್ದಾಣಕ್ಕೆ ಬಂದು ನಿಂತಾಗ ಇಳಿಯುವವರನ್ನು ಗಮನಿಸಿ. ವಯಸ್ಸಾದ ಹೆಂಗಸರು ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು, “ಮೊಣಕಾಲ ಹಿಡದಾವ ನೋಡವಾ” ಎನ್ನುತ್ತ ಅರೆಗಳಿಗೆ ನಿಲ್ಲುತ್ತಾರೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ಕಾಲು ಸಡಿಲಾಗುತ್ತದೆ. ಕೂತಾಗ ಹಿಡಿದದ್ದು ನಡೆದಾಗ ಬಿಟ್ಟಿದ್ದು ಹೇಗೆ?

ಮೊಣಕಾಲನ್ನು ಬಾಗಿಲಿನ ಬಿಜಾಗರಿಗೆ ಹೋಲಿಸುವುದು ವಾಡಿಕೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಮೇಲಿನಿಂದ ಬರುವ ತೊಡೆಯೆಲುಬು, ದೇಹದಲ್ಲೇ ಉದ್ದನೆಯದು, ಎರಡು ದುಂಡು ಗುಬ್ಬಿಗಳಾಗಿ ಮುಗಿಯುತ್ತದೆ. ಕೆಳಗಿನ ಕಣಕಾಲೆಲುಬಿನ ತಲೆ ಹೆಚ್ಚುಕಡಿಮೆ ಚಪ್ಪಟೆ. ಚಪ್ಪಟೆ ಕಲ್ಲಿನ ಮೇಲೆ ಗುಂಡು ನಿಲ್ಲಿಸಿದಂಥ ಈ ಜೋಡಣೆ ಉರುಳದಿರಲು ನಡುವೆ ಅರ್ಧಚಂದ್ರಾಕಾರದ ಎರಡು ಗಾದಿಗಳಿವೆ. ಅಂಚಿನಲ್ಲಿ ದಪ್ಪ, ಒಳಗೆ ತೆಳು. ವೈದ್ಯರು ಮೆನಿಸ್ಕಸ್ ಎನ್ನುವುದು ಇವನ್ನೇ. ಕೀಲಿನ ನಟ್ಟನಡುವೆ ಎರಡು ಲಿಗಮೆಂಟುಗಳು ಕತ್ತರಿಯಂತೆ ಅಡ್ಡ ಹಾಯ್ದು, ಎಲುಬು ಹಿಂದೆ ಮುಂದೆ ಜಾರದಂತೆ ಹಿಡಿದಿವೆ. ಪಕ್ಕಗಳಲ್ಲಿ ಇನ್ನೆರಡು.

ಬಿಜಾಗರಿಗೆ ಬಾರದ ಕೆಲಸವೊಂದು ಮೊಣಕಾಲಿಗೆ ಬರುತ್ತದೆ. ಕಾಲು ಪೂರ್ತಿ ನೆಟ್ಟಗಾಗುವ ಕೊನೆಯ ಹಂತದಲ್ಲಿ ಕಣಕಾಲೆಲುಬು ತುಸು ಹೊರಕ್ಕೆ ತಿರುಗಿ, ತಿರುಪು ಬಿಗಿದಂತೆ ಕೀಲನ್ನು ಬೀಗ ಹಾಕುತ್ತದೆ. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರಿಗಾಗಿ ತಾಸುಗಟ್ಟಲೆ ನಿಂತರೂ ತೊಡೆ ಬೇಗ ಸೋಲದಿರುವುದು ಈ ಬೀಗದಿಂದ. ಅದನ್ನು ತೆಗೆಯುವುದು ಮೊಣಕಾಲ ಹಿಂಬದಿಯ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು.

ಮುಂದಿರುವ ಚಿಪ್ಪಂತೂ ಬರೀ ಮುಚ್ಚಳವಲ್ಲ. ತೊಡೆಯ ಸ್ನಾಯು ಎಳೆಯುವ ಹುರಿಯನ್ನು ಅದು ಕೀಲಿನಿಂದ ದೂರಕ್ಕೆ ಎತ್ತಿ ಹಿಡಿಯುವುದರಿಂದ ಅದೇ ಬಲದಲ್ಲಿ ಹೆಚ್ಚು ಕೆಲಸ ಆಗುತ್ತದೆ. ಹುಟ್ಟಿದ ಕೂಸಿನಲ್ಲಿ ಈ ಚಿಪ್ಪು ಇನ್ನೂ ಎಲುಬಾಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿ. ಸುಮಾರು ಮೂರನೇ ವರ್ಷದಿಂದ ಮೆಲ್ಲಗೆ ಗಟ್ಟಿಯಾಗುತ್ತ ಬರುತ್ತದೆ.

ಈಗ ಆ ನಾಲ್ಕು ಹೆಜ್ಜೆಗಳ ಮಾತು. ಎಲುಬಿನ ತುದಿಗಳನ್ನು ಹೊದ್ದಿರುವ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಅದರ ಊಟ ಬರುವುದು ಕೀಲಿನೊಳಗಿನ ಅಂಟುದ್ರವದಿಂದ. ಆರೋಗ್ಯವಂತ ಮೊಣಕಾಲಲ್ಲಿ ಈ ದ್ರವ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಹೆಜ್ಜೆ ಊರಿದಾಗ ಮೃದ್ವಸ್ಥಿ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆಯನ್ನು ನಾವು ಹಾಕಬೇಕು. ಮೊಣಕಾಲಿಗೆ ಅದನ್ನು ಕೀಲಿನ ಒಳಪೊರೆಯೇ ತಯಾರಿಸುತ್ತದೆ. ಎಲ್ಲೆಡೆ ಹರಡಲು ಕಾಲು ಆಡಬೇಕು, ಅಷ್ಟೇ.

ಕಲಬುರಗಿಯ ಬದುಕು ನೆಲದ ಬದುಕು. ದಾಸೋಹದ ಪಂಕ್ತಿ, ಖ್ವಾಜಾ ಬಂದೇನವಾಜರ ದರ್ಗಾದ ನಮಾಜು, ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವುದು, ತೊಗರಿ ಹೊಲದ ಕಳೆ ಎಲ್ಲಕ್ಕೂ ಮೊಣಕಾಲು ಆಳವಾಗಿ ಮಡಚಬೇಕು. ನಡೆಯಲು ಅದು ಸುಮಾರು 60 ಡಿಗ್ರಿ ಬಾಗಿದರೆ ಸಾಕು. ಕುಕ್ಕರಗಾಲಲ್ಲಿ ಕೂರಲು 140 ಡಿಗ್ರಿ ದಾಟಬೇಕು. ಹಾಗೆ ಕೂರುವುದೇ ತಪ್ಪೆಂದು ನಾನು ಒಪ್ಪುವುದಿಲ್ಲ. ಆದರೆ ಎದ್ದು ನಿಲ್ಲದೆ ದಿನವಿಡೀ ಕುಕ್ಕರಗಾಲಲ್ಲೇ ಕಳೆ ತೆಗೆಯುವ ಹೆಂಗಸರ ಮೊಣಕಾಲಿನ ಕಷ್ಟ ನಿಜ. ಹೊರೆಯ ಲೆಕ್ಕವೂ ಕಠಿಣ. ಸಮತಟ್ಟು ನೆಲದ ಮೇಲೆ ನಡೆಯುವಾಗಲೇ ಮೊಣಕಾಲಿನ ಮೇಲೆ ದೇಹತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತದೆ. ಕಮಲಾಪುರದ ಕೆಂಬಾಳೆಯ 20 ಕಿಲೋ ಹೊರೆ ತಲೆಗೇರಿದರೆ ಪ್ರತಿ ಹೆಜ್ಜೆಗೂ ಸುಮಾರು 40ರಿಂದ 60 ಕಿಲೋ ಹೆಚ್ಚುವರಿ.

ಜಗತ್ತಿನಲ್ಲಿ 2019ರಲ್ಲಿ 52.8 ಕೋಟಿ ಜನರಿಗೆ ಕೀಲು ಸವೆತವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಮೊಣಕಾಲಿನದೇ ಸಿಂಹಪಾಲು, 36.5 ಕೋಟಿ. ನನಗೆ ಬೇಸರ ತರಿಸುವುದು ಆ ‘ಸವೆತ’ ಎಂಬ ಮಾತು. ಎಕ್ಸ್‌ರೇ ನೋಡಿ “ಸವೆದಿದೆ” ಎಂದದ್ದೇ ತಡ, ಇದ್ದಷ್ಟಾದರೂ ಉಳಿಯಲಿ ಎಂದು ಅಜ್ಜಿ ಮೂಲೆ ಹಿಡಿಯುತ್ತಾಳೆ. ತೊಡೆಯ ಸ್ನಾಯು ಸೊರಗುತ್ತದೆ, ಅದು ಹೊರುತ್ತಿದ್ದ ಭಾರ ಕೀಲಿಗೆ ಬೀಳುತ್ತದೆ, ನೋವು ಹೆಚ್ಚುತ್ತದೆ. ಮೊಣಕಾಲು ಬಂಡಿಯ ಟೈರಲ್ಲ. ಜೀವವಿರುವ ಕೀಲು ಅದು, ದುಡಿಮೆಯಿಂದಲೇ ಉಣ್ಣುವಂಥದ್ದು.

ಊತ, ಜ್ವರ, ಕಾಲು ಸಿಕ್ಕಿಹಾಕಿಕೊಳ್ಳುವುದು, ನಿಂತಲ್ಲೇ ಕುಸಿಯುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಉಳಿದ ದಿನಗಳಲ್ಲಿ ಮಂಚದ ಅಂಚಿಗೆ ಕೂತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ, ಹತ್ತು ಎಣಿಸಿ, ಇಳಿಸಿ. ಕಳೆ ತೆಗೆಯುವಾಗ ಪ್ರತಿ ಸಾಲು ಮುಗಿದಾಗ ಎದ್ದು ನಾಲ್ಕು ಹೆಜ್ಜೆ ಹಾಕಿ. ಬಸ್ಸಿನಲ್ಲಿದ್ದರೆ, ಮಹಾಗಾಂವ ಕ್ರಾಸ್‌ನಲ್ಲಿ ನಿಂತಾಗ ಒಮ್ಮೆ ಎದ್ದು ನಿಂತು ಕಾಲು ಆಡಿಸಿಕೊಳ್ಳಿ.